ಲಾರಿ ಡ್ರೈವರ್‌ನ ಗಂಟೆ ಲೆಕ್ಕ: ಲಾಗ್ ಬರೆಯುವುದು ಹೇಗೆ, ಟ್ರಿಪ್ ಕೂಡಿಸುವುದು ಹೇಗೆ

ಕಾರವಾರದಿಂದ ಭಟ್ಕಳದವರೆಗೆ, ಅಂಕೋಲೆಯಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ, ಸಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ, ಯಾವ ಹೊತ್ತಿಗೆ ನೋಡಿದರೂ ಲಾರಿ ಓಡುತ್ತಲೇ ಇರುತ್ತದೆ. ಪ್ರತಿ ಗಾಡಿಗೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ಇನ್ಶೂರೆನ್ಸ್ ಇದೆ, ಫಾಸ್ಟ್ಯಾಗ್ ಇದೆ, ಬಹಳಷ್ಟು ಗಾಡಿಗೆ ಜಿಪಿಎಸ್ಸೂ ಇದೆ. ಡೀಸೆಲ್ ಎಷ್ಟು ಹಾಕಿದ್ದು ಅನ್ನುವುದು ಲೀಟರ್ ಬಿಡದೆ ಬರೆದಿರುತ್ತದೆ. ಟಯರ್ ಯಾವಾಗ ಬದಲಾಯಿಸಿದ್ದು ಅನ್ನುವುದೂ ಇರುತ್ತದೆ. ಆದರೆ ಡ್ರೈವರ್ ನಿನ್ನೆ ಎಷ್ಟು ಗಂಟೆ ಓಡಿಸಿದ, ಎಷ್ಟು ಗಂಟೆ ಮಲಗಿದ ಅಂತ ಕೇಳಿದರೆ ಯಾವ ಪುಸ್ತಕದಲ್ಲೂ ಇಲ್ಲ.

ನಾನು ಸಿರಸಿ ಕಡೆಯ ಒಂದು ಸಣ್ಣ ಟ್ರಾನ್ಸ್‌ಪೋರ್ಟ್‌ನಲ್ಲಿ ಟ್ರಿಪ್ ಶೀಟ್ ನೋಡಿಕೊಳ್ಳುವವನು. ಗಂಟೆ ಲೆಕ್ಕ ಇಡುವುದು ಕಷ್ಟದ ಕೆಲಸವೇ ಅಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ಕೈಯಲ್ಲಿರುವ ಫೋನು ಸಾಕು. ಓನರ್‌ಗಳಿಗೂ ಡ್ರೈವರ್‌ಗಳಿಗೂ ಇಬ್ಬರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದೋ ಎರಡೋ ಗಾಡಿ ಇಟ್ಟುಕೊಂಡು ತಾವೇ ಓಡಿಸುವವರಿಗೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಅವರಿಗೆ "ಇವತ್ತಿಗೆ ಸಾಕು" ಅಂತ ಹೇಳುವವರು ಬೇರೆ ಯಾರೂ ಇಲ್ಲ.

ಮೊದಲು ಅಂಕಿಗಳು

ಯಾವ ಗಂಟೆ ಮೀರಬಾರದು ಅಂತ ಗೊತ್ತಿಲ್ಲದೆ ಲಾಗ್ ಬರೆದು ಪ್ರಯೋಜನವಿಲ್ಲ. ನಮ್ಮ ದೇಶದಲ್ಲಿ ಇದರ ಕಾನೂನು ಹಳೆಯದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತು. ದೂರದ ರೂಟ್‌ಗೆ, ಹಬ್ಬದ ಕಾಲಕ್ಕೆ ಅಧಿಕಾರಿಯ ಒಪ್ಪಿಗೆ ತೆಗೆದುಕೊಂಡು ದಿನಕ್ಕೆ 10, ವಾರಕ್ಕೆ 54ರವರೆಗೆ ಹೋಗಬಹುದಿತ್ತು. ಮೋಟಾರು ವಾಹನ ಕಾಯ್ದೆ 1988ರ 91ನೇ ಕಲಮು ಡ್ರೈವರ್‌ಗಳ ಗಂಟೆಯನ್ನು ಇದೇ ಕಾಯ್ದೆಗೆ ಕಟ್ಟಿಹಾಕಿತು.

ಆ ಕಾಯ್ದೆಯಲ್ಲಿ ಇನ್ನೂ ಮೂರು ಅಂಕಿ ಇದ್ದವು, ಅವನ್ನು ಯಾರೂ ಹೇಳುವುದೇ ಇಲ್ಲ. ಒಂದು, ಬಿಡುವಿಲ್ಲದೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು, ನಡುವೆ ಕಡಿಮೆ ಅಂದರೂ ಅರ್ಧ ಗಂಟೆ ಬಿಡುವು ಬೇಕು. ಎರಡು, ಡ್ಯೂಟಿ ಶುರುವಾದಾಗಿನಿಂದ ಮುಗಿಯುವವರೆಗೆ, ಊಟ, ಬಿಡುವು, ಕಾಯುವುದು ಎಲ್ಲ ಸೇರಿ 12 ಗಂಟೆ ದಾಟಬಾರದು. ಮೂರು, ಇವತ್ತಿನ ಡ್ಯೂಟಿ ಮುಗಿದು ನಾಳೆಯದು ಶುರುವಾಗುವ ಮಧ್ಯೆ ಒಂದೇ ಸಮನೆ 9 ಗಂಟೆ ವಿಶ್ರಾಂತಿ ಸಿಗಬೇಕು. ನನ್ನನ್ನು ಕೇಳಿದರೆ 8 ಗಂಟೆಗಿಂತ ಈ ಮೂರೇ ಮುಖ್ಯ. ಜೀವ ಉಳಿಸುವುದು ಇವೇ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ದಿನಕ್ಕೆ 8 ಗಂಟೆ, ವಾರಕ್ಕೆ ಆರು ದಿನ, ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಅನ್ನುವುದು ಅದರಲ್ಲೂ ಇದೆ. ಹೆಚ್ಚುವರಿ ಕೆಲಸಕ್ಕೆ ಕೆಲಸಗಾರನ ಒಪ್ಪಿಗೆ ಬೇಕು ಅಂತಲೂ ಇದೆ. ಟ್ರಿಪ್ ಕೂಡಿಸುವ ಲೆಕ್ಕಕ್ಕೆ ನಾನು ಹಳೆಯ ಕಾಯ್ದೆಯ 5, 12, 9 ಇವನ್ನೇ ಇಟ್ಟುಕೊಂಡಿದ್ದೇನೆ. ನೆನಪಿಡಲು ಸುಲಭ, ದೇಹಕ್ಕೂ ಹೊಂದುತ್ತವೆ. ಇಂಥ ಕಾನೂನು ಇಷ್ಟು ಜನಕ್ಕಿಂತ ಜಾಸ್ತಿ ಇರುವ ಸಂಸ್ಥೆಗೆ ಮಾತ್ರ ಅನ್ವಯ ಅಂತ ಇರುತ್ತದೆ, ನಿಜ. ನಿಮ್ಮ ಹತ್ತಿರ ಎರಡೇ ಗಾಡಿ ಇದ್ದರೂ ನಿದ್ದೆ ಬರುವುದು ಅದೇ ಹೊತ್ತಿಗೆ, ಅಲ್ವಾ?

ಅಮೆರಿಕದಲ್ಲಿ ಯಂತ್ರ ಹೇಗೆ ಬರೆಯುತ್ತದೆ

ನಮ್ಮಲ್ಲಿ ಎಲ್ಲ ಲಾರಿಗೂ ಗಂಟೆ ದಾಖಲಿಸುವ ಯಂತ್ರ ಕಡ್ಡಾಯ ಅಂತ ಇಲ್ಲ. ಅಮೆರಿಕದಲ್ಲಿ ಬಹಳಷ್ಟು ಲಾರಿಗೆ ಇದೆ. ಇಎಲ್‌ಡಿ (ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್) ಅನ್ನುತ್ತಾರೆ, 2017ರ ಡಿಸೆಂಬರ್ 18ರಿಂದ ಕಡ್ಡಾಯ ಆಯಿತು. ಅದು ಎಂಜಿನ್ನಿಗೇ ಜೋಡಣೆ ಆಗಿರುತ್ತದೆ. ಡ್ರೈವರ್ ತನ್ನ ಹೆಸರಲ್ಲಿ ಲಾಗಿನ್ ಆಗಬೇಕು. ಗಾಡಿ ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿಲೋಮೀಟರ್ ವೇಗಕ್ಕೆ ಬಂತು ಅಂದರೆ ಯಂತ್ರ ತಾನಾಗಿಯೇ ಡ್ರೈವಿಂಗ್ ಅಂತ ಬರೆದುಕೊಳ್ಳುತ್ತದೆ. 5 ನಿಮಿಷ ನಿಂತರೆ "ಇನ್ನೂ ಡ್ರೈವಿಂಗಾ?" ಅಂತ ಕೇಳುತ್ತದೆ, ಒಂದು ನಿಮಿಷದೊಳಗೆ ಉತ್ತರ ಬರದಿದ್ದರೆ ಕೆಲಸದಲ್ಲಿದ್ದಾನೆ ಅಂತ ಬದಲಾಯಿಸಿಕೊಳ್ಳುತ್ತದೆ.

ಅಲ್ಲಿನ ಅಂಕಿ ನಮ್ಮದಕ್ಕಿಂತ ಬೇರೆ. ಒಂದೇ ಸಮನೆ 10 ಗಂಟೆ ವಿಶ್ರಾಂತಿ ಆದ ಮೇಲೆ 11 ಗಂಟೆ ಓಡಿಸಬಹುದು. ಆದರೆ ಆ ಓಟ ಎಲ್ಲ ಡ್ಯೂಟಿ ಶುರುವಾದ 14 ಗಂಟೆಯೊಳಗೆ ಮುಗಿಯಬೇಕು. 8 ಗಂಟೆ ಓಡಿಸಿದ ಮೇಲೆ 30 ನಿಮಿಷ ಬಿಡುವು ಕಡ್ಡಾಯ. 7 ದಿನಕ್ಕೆ 60 ಗಂಟೆ ಅಥವಾ 8 ದಿನಕ್ಕೆ 70 ಗಂಟೆ ಕೆಲಸ ಆದ ಮೇಲೆ ಸ್ಟೇರಿಂಗ್ ಹಿಡಿಯುವ ಹಾಗಿಲ್ಲ, 34 ಗಂಟೆ ಪೂರ್ತಿ ಬಿಡುವು ತೆಗೆದುಕೊಂಡರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಯುರೋಪಿನಲ್ಲಿ ಟ್ಯಾಕೋಗ್ರಾಫ್ ಅನ್ನುವ ಯಂತ್ರ, ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು. ಹೊರದೇಶದ ಡ್ರೈವಿಂಗ್ ಕೆಲಸಕ್ಕೆ ಹೋಗುವ ಹುಡುಗರು ನಮ್ಮ ಕರಾವಳಿಯಲ್ಲಿ ಇದ್ದೇ ಇದ್ದಾರೆ, ಅವರು ಈ ಅಂಕಿಗಳನ್ನು ಈಗಲೇ ಬಾಯಿಪಾಠ ಮಾಡಿಕೊಳ್ಳಲಿ.

ಅಮೆರಿಕದ ಪದ್ಧತಿಯಿಂದ ನಾವು ತೆಗೆದುಕೊಳ್ಳಬೇಕಾದ್ದು ಯಂತ್ರವನ್ನಲ್ಲ, ಅದರ ಹಿಂದಿನ ಮೂರು ನಿಯಮ. ಡ್ರೈವರ್‌ನ ದಿನವನ್ನು ನಾಲ್ಕು ಭಾಗ ಮಾಡುತ್ತಾರೆ: ಪೂರ್ತಿ ಬಿಡುವು, ಕ್ಯಾಬಿನ್ ನಿದ್ದೆ, ಡ್ರೈವಿಂಗ್, ಡ್ರೈವಿಂಗ್ ಅಲ್ಲದ ಕೆಲಸ. ದಿನದ 24 ಗಂಟೆಯೂ ಈ ನಾಲ್ಕರಲ್ಲಿ ಒಂದಕ್ಕೆ ಸೇರಲೇಬೇಕು, ಖಾಲಿ ಜಾಗ ಇರುವ ಹಾಗಿಲ್ಲ. ಇದು ಮೊದಲನೆಯದು. ಎರಡನೆಯದು, ಬರೆದದ್ದನ್ನು ತಿದ್ದಿದರೆ ಹಳೆಯದು ಅಳಿಸಿ ಹೋಗುವುದಿಲ್ಲ, ತಿದ್ದಿದ್ದು ಯಾಕೆ ಅಂತಲೂ ಬರೆಯಬೇಕು. ಮೂರನೆಯದು ನನಗೆ ಬಹಳ ಹಿಡಿಸಿದ್ದು: ಕಂಪನಿಯವರು ಏನಾದರೂ ಬದಲಾವಣೆ ಮಾಡಬೇಕು ಅಂದರೆ ಡ್ರೈವರ್ ಒಪ್ಪಿ ಸಹಿ ಹಾಕಬೇಕು, ಮತ್ತು ಆ ಯಂತ್ರ ತೋರಿಸಿ ಡ್ರೈವರ್‌ಗೆ ಕಿರುಕುಳ ಕೊಡುವ ಹಾಗಿಲ್ಲ. ಅಂದರೆ ಲಾಗ್ ಡ್ರೈವರ್‌ನದ್ದು. ನಮ್ಮಲ್ಲಿ ಜಿಪಿಎಸ್ ಹಾಕಿಸುವಾಗ ಈ ಮೂರನೆಯದನ್ನು ಯಾರೂ ಯೋಚನೆ ಮಾಡಿಲ್ಲ. ಹಾಗಾಗಿ ಡ್ರೈವರ್‌ಗೆ ಅದು ಪೊಲೀಸಿನವರ ಹಾಗೆ ಕಾಣುತ್ತದೆ, ಅವನ ಸಾಕ್ಷಿ ಅಂತ ಅನಿಸುವುದೇ ಇಲ್ಲ.

ಪುಸ್ತಕ ರೆಡಿ ಮಾಡುವುದು

ಉದ್ದದ ಗೆರೆಯ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ದಿನಕ್ಕೆ ಒಂದು ಪುಟ. ಮೇಲೆ ತಾರೀಕು, ಗಾಡಿ ನಂಬರ್, ಡ್ರೈವರ್ ಹೆಸರು. ಆಮೇಲೆ ಐದು ಕಾಲಮ್: ಹೊತ್ತು, ಜಾಗ, ಏನು ಮಾಡುತ್ತಿದ್ದೇನೆ, ಕಿಲೋಮೀಟರ್ ಮೀಟರ್ ಎಷ್ಟು ತೋರಿಸುತ್ತಿದೆ, ಟಿಪ್ಪಣಿ. ಇಷ್ಟೇ. ಇನ್ನೂ ಜಾಸ್ತಿ ಕಾಲಮ್ ಹಾಕಿದರೆ ಯಾರೂ ತುಂಬುವುದಿಲ್ಲ.

"ಏನು ಮಾಡುತ್ತಿದ್ದೇನೆ" ಕಾಲಮ್‌ನಲ್ಲಿ ಐದೇ ಪದ ಬರೆಯಿರಿ: ಓಟ, ಕೆಲಸ, ಕಾಯುವುದು, ಬಿಡುವು, ನಿದ್ದೆ. ಅಮೆರಿಕದವರು ನಾಲ್ಕು ಇಟ್ಟರೆ ನಾನು "ಕಾಯುವುದು" ಅಂತ ಐದನೆಯದು ಸೇರಿಸಿದ್ದೇನೆ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಒಂದರಿಂದ ಇನ್ನೊಂದಕ್ಕೆ ಬದಲಾದ ಹೊತ್ತಿನಲ್ಲಿ ಮಾತ್ರ ಒಂದು ಸಾಲು. ಸಂಜೆ ಕೂತು ನೆನಪು ಮಾಡಿಕೊಂಡು ಬರೆಯಬಾರದು, ಹಾಗೆ ಬರೆದ ಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲ ಹೊತ್ತೂ 8.00, 10.00, 2.30 ಅಂತ ದುಂಡಗೆ ಇರುತ್ತದೆ, ಕೈಬರಹ ಒಂದೇ ಓಟದಲ್ಲಿ ಇಳಿದಿರುತ್ತದೆ. ಅಂಥ ಲಾಗ್ ಇದ್ದೂ ಇಲ್ಲದ ಹಾಗೆ.

ಗಾಡಿ ಓಡುವಾಗ ಬರೆಯಲೇಬೇಡಿ. ನಿಂತ ಮೇಲೆ, ಎಂಜಿನ್ ಆಫ್ ಮಾಡಿ, ಇಳಿಯುವ ಮೊದಲು ಬರೆಯಿರಿ. ಅದು ರೂಢಿ ಆಗಲು ಸ್ವಲ್ಪ ದಿನ ಬೇಕು, ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದ ಹಾಗೆಯೇ ಕೈ ತಾನಾಗಿ ಹೋಗುತ್ತದೆ. ಬರೆಯಲು ಬೇಸರ ಇರುವವರು ವಾಟ್ಸಾಪ್‌ನಲ್ಲಿ ತಮಗೆ ತಾವೇ ವಾಯ್ಸ್ ಮೆಸೇಜ್ ಹಾಕಿಟ್ಟುಕೊಳ್ಳಬಹುದು. ಹೊತ್ತು ಅದೇ ತೋರಿಸುತ್ತದೆ, ಊಟಕ್ಕೆ ನಿಂತಾಗ ಪುಸ್ತಕಕ್ಕೆ ಇಳಿಸಿದರಾಯಿತು. ನೆಟ್‌ವರ್ಕ್ ಇಲ್ಲದ ಕಡೆ ಅದು ಹೋಗುವುದು ತಡ ಆಗುತ್ತದೆ, ಅಣಶಿ ಘಟ್ಟ, ಅರಬೈಲ್ ಘಟ್ಟದಲ್ಲಿ ಓಡಾಡುವವರಿಗೆ ಇದು ಗೊತ್ತಿರುವುದೇ. ಹೀಗಾಗಿ ನನ್ನ ವೋಟು ಪುಸ್ತಕಕ್ಕೇ.

ಜಿಪಿಎಸ್ ಇದ್ದ ಮೇಲೆ ಇದೆಲ್ಲ ಯಾಕೆ ಅಂತ ಓನರ್‌ಗಳು ಕೇಳುತ್ತಾರೆ. ಜಿಪಿಎಸ್‌ಗೆ ಗಾಡಿ ಗೊತ್ತು, ಮನುಷ್ಯ ಗೊತ್ತಿಲ್ಲ. ಗಾಡಿ ಆರು ಗಂಟೆ ನಿಂತಿತ್ತು ಅನ್ನುತ್ತದೆ, ಆ ಆರು ಗಂಟೆ ಡ್ರೈವರ್ ಮಲಗಿದ್ದನೋ, ಹಮಾಲಿಗಳ ಜೊತೆ ಚೀಲ ಎಣಿಸುತ್ತಾ ನಿಂತಿದ್ದನೋ, ಪಂಕ್ಚರ್ ಹಾಕಿಸುತ್ತಿದ್ದನೋ ಅದಕ್ಕೆ ಹೇಗೆ ಗೊತ್ತಾಗಬೇಕು? ಇಬ್ಬರು ಡ್ರೈವರ್ ಇದ್ದರೆ ಯಾರು ಓಡಿಸಿದ್ದು ಅನ್ನುವುದೂ ತಿಳಿಯುವುದಿಲ್ಲ. ಜಿಪಿಎಸ್ ಇರಲಿ, ಪುಸ್ತಕಕ್ಕೆ ತಾಳೆ ನೋಡಲು ಬೇಕು. ಫಾಸ್ಟ್ಯಾಗ್ ಎಸ್‌ಎಂಎಸ್ ಕೂಡ ಅಷ್ಟೇ ಒಳ್ಳೆ ಸಾಕ್ಷಿ. ಹೆದ್ದಾರಿ 66ರಲ್ಲಿ ಅಂಕೋಲೆ ಹತ್ತಿರ ಹಟ್ಟಿಕೇರಿ, ಕುಮಟೆ ಹತ್ತಿರ ಹೊಳೆಗದ್ದೆ, ಭಟ್ಕಳ ದಾಟಿದ ಮೇಲೆ ಶಿರೂರು, ಈ ಮೂರು ಟೋಲ್‌ಗಳ ಎಸ್‌ಎಂಎಸ್ ಅಳಿಸದೆ ಇಟ್ಟುಕೊಂಡರೆ ಕರಾವಳಿ ಓಟದ ಹೊತ್ತು ನಿಮಿಷದ ಲೆಕ್ಕದಲ್ಲಿ ಸಿಕ್ಕಿಬಿಡುತ್ತದೆ.

ಕಾಯುವ ಹೊತ್ತು

ಡ್ರೈವರ್‌ನ ದಿನ ಹಾಳಾಗುವುದು ರಸ್ತೆಯಲ್ಲಲ್ಲ, ಗೋದಾಮಿನ ಗೇಟ್‌ನಲ್ಲಿ. ಬೆಳಿಗ್ಗೆ ಬೇಗ ಬಾ ಅನ್ನುತ್ತಾರೆ, ಲೋಡ್ ಆಗುವುದು ಮಧ್ಯಾಹ್ನ, ಬಿಲ್ ಬರುವುದು ಸಂಜೆ. ಆಮೇಲೆ "ನಾಳೆ ಬೆಳಿಗ್ಗೆ ಅಲ್ಲಿ ಮುಟ್ಟಬೇಕು ಮಾರಾಯಾ" ಅಂತ ಫೋನ್ ಬರುತ್ತದೆ. ಓಡಿಸಿದ್ದು ಬರೀ ನಾಲ್ಕು ಗಂಟೆ ಅಂತ ಕಾಗದ ಹೇಳುತ್ತದೆ, ಮನುಷ್ಯ ನಸುಕಿನಿಂದ ಎದ್ದೇ ಇದ್ದಾನೆ.

1961ರ ಕಾಯ್ದೆ ಇದನ್ನು ಸ್ವಲ್ಪ ವಿಚಿತ್ರವಾಗಿ ಬಗೆಹರಿಸಿತ್ತು. ಸುಮ್ನೆ ಕಾದು ಕೂತ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ಕೆಲಸದ ಗಂಟೆಗೆ ಸೇರುತ್ತದೆ ಅಂತ ಹೇಳಿತು. ಉದ್ದದ ಕಾಯುವಿಕೆ 8 ಗಂಟೆಯ ಲೆಕ್ಕದಿಂದ ತಪ್ಪಿಸಿಕೊಂಡರೂ 12 ಗಂಟೆಯ ಒಟ್ಟು ಲೆಕ್ಕದಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಅಮೆರಿಕದಲ್ಲಿ ಡ್ರೈವರ್‌ಗೆ ಗಾಡಿಯ ಜವಾಬ್ದಾರಿಯಿಂದ ಪೂರ್ತಿ ಬಿಡುಗಡೆ ಕೊಟ್ಟಿಲ್ಲ ಅಂದರೆ ಕಾಯುವುದೂ ಡ್ಯೂಟಿಯೇ. ಇದಕ್ಕೇ ನಾನು "ಕಾಯುವುದು" ಅಂತ ಬೇರೆ ಪದ ಇಟ್ಟದ್ದು. ಅದನ್ನು ನಿದ್ದೆಗೆ ಸೇರಿಸಬೇಡಿ. ಗಾಡಿ ಮುಂದೆ ಮುಂದೆ ಸರಿಸುತ್ತಾ ಇರಬೇಕು, ಯಾವಾಗ ಕೂಗುತ್ತಾರೋ ಗೊತ್ತಿಲ್ಲ ಅನ್ನುವ ಹಾಗಿದ್ದರೆ ಅದು ವಿಶ್ರಾಂತಿ ಅಲ್ಲವೇ ಅಲ್ಲ. ಕೀಲಿ ಕೊಟ್ಟು, ಇನ್ನು ಇಷ್ಟು ಗಂಟೆ ನಿನ್ನನ್ನು ಎಬ್ಬಿಸುವುದಿಲ್ಲ ಅಂತ ಹೇಳಿದ ಮೇಲೆ ಮಲಗಿದ್ದರೆ ಮಾತ್ರ ನಿದ್ದೆ ಅಂತ ಬರೆಯಿರಿ.

ಓನರ್‌ಗಳೇ, ಇಲ್ಲಿ ನಿಮಗೂ ದುಡ್ಡಿದೆ. ಗೇಟಿಗೆ ಬಂದ ಹೊತ್ತು, ಲೋಡ್ ಶುರುವಾದ ಹೊತ್ತು, ಬಿಟ್ಟ ಹೊತ್ತು ಮೂರನ್ನೂ ಎಲ್‌ಆರ್ (ಲಾರಿ ರಸೀದಿ) ಹಿಂದೆ ಬರೆಸಿ ಗೋದಾಮಿನವರ ಸಹಿ ಹಾಕಿಸಿಕೊಂಡು ಬಾ ಅಂತ ಡ್ರೈವರ್‌ಗೆ ಹೇಳಿ. ಹಾಲ್ಟಿಂಗ್ ಚಾರ್ಜ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ದುಡ್ಡು ಕೇಳುವಾಗ ಬಾಯಿ ಮಾತಿಗೆ ಪಾರ್ಟಿ (ಲೋಡ್ ಕೊಟ್ಟವರು) ಒಪ್ಪುವುದಿಲ್ಲ, ಸಹಿ ಇದ್ದರೆ ವಾದ ಮಾಡಲು ಏನೂ ಉಳಿಯುವುದಿಲ್ಲ. ಸಹಿ ಹಾಕಲು ಒಪ್ಪದಿದ್ದರೆ ಗೇಟ್ ಪಾಸ್, ತೂಕದ ಚೀಟಿ ಇವುಗಳ ಫೋಟೋ ತೆಗೆದುಕೊಳ್ಳಿ, ಅವುಗಳ ಮೇಲೆ ಹೊತ್ತು ಅಚ್ಚಾಗಿರುತ್ತದೆ.

ಒಂದು ದಿನದ ಪುಟ ಹೀಗಿರುತ್ತದೆ

ಸಿರಸಿಯಿಂದ ಅಹಮದಾಬಾದಿಗೆ ಅಡಿಕೆ ಲೋಡ್ ಅಂತ ಇಟ್ಟುಕೊಳ್ಳೋಣ. ಉದಾಹರಣೆಗೆ ಮಾತ್ರ ಬರೆದ ಪುಟ ಇದು.

8.00, ಸಿರಸಿ ಗೋದಾಮು ಗೇಟ್, ಕಾಯುವುದು.
11.00, ಅದೇ ಜಾಗ, ಕೆಲಸ. ಲೋಡ್ ಶುರು, ಚೀಲ ಎಣಿಕೆ.
1.30, ಬಿಡುವು. ಊಟ.
2.00, ಕೆಲಸ. ತಾಡಪತ್ರಿ, ಹಗ್ಗ, ತೂಕ, ಬಿಲ್.
3.00, ಓಟ.
5.45, ಹುಬ್ಬಳ್ಳಿ ಬೈಪಾಸ್, ಬಿಡುವು. ಟಯರ್ ಬಿಸಿ ನೋಡಿದೆ.
6.15, ಓಟ.
7.40, ಕಿತ್ತೂರು ಹತ್ತಿರ ಡಾಬಾ, ಡ್ಯೂಟಿ ಮುಗಿಯಿತು.

ಈಗ ಕೂಡಿಸಿ. ಓಟ 4 ಗಂಟೆ 10 ನಿಮಿಷ. ಲೋಡಿಂಗ್, ಕಾಗದ ಪತ್ರ ಸೇರಿದರೆ ಕೆಲಸ 7 ಗಂಟೆ 40 ನಿಮಿಷ. ಕಾದದ್ದು 3 ಗಂಟೆ. ಬೆಳಿಗ್ಗೆ 8ರಿಂದ ಲೆಕ್ಕ ಹಾಕಿದರೆ ಒಟ್ಟು 11 ಗಂಟೆ 40 ನಿಮಿಷ ಆಗಿಹೋಗಿದೆ, ಇನ್ನು ಉಳಿದದ್ದು 20 ನಿಮಿಷ. ಅಷ್ಟರಲ್ಲಿ ಬೆಳಗಾವಿ ಮುಟ್ಟಲು ಆಗುವುದಿಲ್ಲ. ಹಾಗಾಗಿ ಕಿತ್ತೂರಿನಲ್ಲೇ ನಿಲ್ಲಬೇಕು. 9 ಗಂಟೆ ವಿಶ್ರಾಂತಿ ಸೇರಿಸಿದರೆ ಮರುದಿನ 4.40ಕ್ಕಿಂತ ಮೊದಲು ಕೀಲಿ ತಿರುಗಿಸುವ ಹಾಗಿಲ್ಲ. ನಾನಾದರೆ 5.30 ಅಂತ ಬರೆಯುತ್ತೇನೆ, ಸ್ನಾನ, ಚಹಾ ಮುಗಿಸಿ ಗಾಡಿ ಒಂದು ಸುತ್ತು ನೋಡಲು ಹೊತ್ತು ಬೇಕಲ್ಲ.

"ಇ-ವೇ ಬಿಲ್ ಮುಗಿದು ಹೋದರೆ?" ಅಂತ ಅವಸರ ಮಾಡುವವರು ಒಮ್ಮೆ ಲೆಕ್ಕ ಹಾಕಿ ನೋಡಿ. ಇ-ವೇ ಬಿಲ್ ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ, ಅದಕ್ಕೆ ಮಾಮೂಲಿ ಲೋಡಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಕೊಡುತ್ತಾರೆ. ಸಿರಸಿಯಿಂದ ಅಹಮದಾಬಾದ್ 1,100 ಕಿಲೋಮೀಟರಿಗೂ ಮೇಲೆ, ಅಂದರೆ 6 ದಿನ ಸಿಗುತ್ತದೆ. ಹಗಲು ಓಡಿಸಿ ರಾತ್ರಿ ಮಲಗಿ ದಿನಕ್ಕೆ 300 ಕಿಲೋಮೀಟರ್ ಹೋದರೂ ಎರಡು ದಿನ ಕೈಯಲ್ಲಿ ಉಳಿಯುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ಬಿಲ್ಲಿನ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಅದನ್ನು ಮುಂದಕ್ಕೆ ಹಾಕಿಸಲೂ ಬರುತ್ತದೆ. ಅವಸರ ಇರುವುದು ಬಿಲ್ಲಿಗಲ್ಲ, ಪಾರ್ಟಿಗೆ. ಪಾರ್ಟಿಗೆ ಲೋಡ್ ಒಪ್ಪಿಕೊಳ್ಳುವಾಗಲೇ ಗಂಟೆ ಲೆಕ್ಕದಲ್ಲಿ ಡೆಲಿವರಿ ದಿನ ಹೇಳಿಬಿಡಿ. ಲೋಡ್ ತಡ ಆದರೆ ಡೆಲಿವರಿಯೂ ಅಷ್ಟೇ ತಡ ಅಂತ ಅದೇ ಫೋನಿನಲ್ಲಿ ಹೇಳಿ.

ರಾತ್ರಿ ಓಟ, ಘಟ್ಟ, ಮೀನು ಗಾಡಿ

ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ದೇಹ ನಿದ್ದೆ ಕೇಳುತ್ತದೆ. ಮಧ್ಯಾಹ್ನ 2ರಿಂದ 4ರ ಹೊತ್ತಿಗೂ ಒಂದು ಸಲ ಕಣ್ಣು ಎಳೆಯುತ್ತದೆ. 17 ಗಂಟೆ ಎದ್ದೇ ಇದ್ದವನ ಕೈಕಾಲು, ಕಣ್ಣು 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ ಮದ್ಯ ಇದ್ದವನಷ್ಟು ನಿಧಾನ ಆಗುತ್ತವೆ ಅಂತ ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ ಒಂದು ಹನಿ ಕುಡಿಯದೆ, ಕುಡಿದವನಿಗಿಂತ ಕೆಟ್ಟದಾಗಿ ಓಡಿಸುತ್ತಿರುತ್ತೇವೆ, ಊದುವ ಯಂತ್ರದಲ್ಲಿ ಮಾತ್ರ ಏನೂ ಬರುವುದಿಲ್ಲ.

ಆದ್ದರಿಂದ ಟ್ರಿಪ್ ಕೂಡಿಸುವಾಗ ಘಟ್ಟವನ್ನು ನಸುಕಿನ ಪಾಲಿಗೆ ಬಿಡಬೇಡಿ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಬರುತ್ತಿದ್ದ ತರಕಾರಿ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಣಿವೆಗೆ ಉರುಳಿ 10 ಜನ ವ್ಯಾಪಾರಿಗಳು ತೀರಿಕೊಂಡರು. ಎದುರಿನ ಗಾಡಿಗೆ ದಾರಿ ಕೊಡಲು ಹೋದಾಗ ಆದದ್ದು ಅಂತ ವರದಿ ಆಯಿತು. ಆ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು, ಅಲ್ಲಿ ಎರಡು ಅಡಿ ತಪ್ಪಿದರೂ ಸರಿಮಾಡಿಕೊಳ್ಳಲು ಜಾಗ ಇಲ್ಲ. ಕಣ್ಣು ಪೂರ್ತಿ ತೆರೆದಿರುವ ಹೊತ್ತಿನಲ್ಲಿ ಮಾತ್ರ ಅಲ್ಲಿಗೆ ಇಳಿಯಬೇಕು. ಘಟ್ಟ ಇಳಿಯುವ ಮೊದಲು ಯಲ್ಲಾಪುರದಲ್ಲೋ ಸಿರಸಿಯಲ್ಲೋ ಅರ್ಧ ಗಂಟೆ ಬಿಡುವು ಹಾಕಿಕೊಳ್ಳಿ, ಅದು ಲೆಕ್ಕಕ್ಕೂ ಬರುತ್ತದೆ, ಬ್ರೇಕ್ ನೋಡಲೂ ಆಗುತ್ತದೆ.

ಮೀನು ಗಾಡಿಯವರಿಗೆ ಹಗಲೇ ಓಡಿಸಿ ಅಂತ ಹೇಳಿದರೆ ಅದು ಆಗುವ ಮಾತಲ್ಲ. ಐಸ್ ಕರಗುತ್ತದೆ, ಬೆಳಗಿನ ಮಾರ್ಕೆಟ್ ತಪ್ಪಿದರೆ ರೇಟ್ ಬಿದ್ದುಹೋಗುತ್ತದೆ. ಕಾರವಾರ, ತದಡಿ ಕಡೆಯಿಂದ ಸಂಜೆ ಹೊರಟರೆ ರಾತ್ರಿ ಪೂರ್ತಿ ಓಟ. ಅವರು ಲೆಕ್ಕವನ್ನು ತಿರುಗಿಸಿ ಹಾಕಬೇಕು: 9 ಗಂಟೆ ವಿಶ್ರಾಂತಿ ಹಗಲಿಗೆ ಬರಬೇಕು, ಲಾಗ್‌ನಲ್ಲಿ ಅದು ನಿದ್ದೆ ಅಂತ ಕಾಣಬೇಕು. ಹಗಲೆಲ್ಲ ಮನೆ ಕೆಲಸ, ಬ್ಯಾಂಕು, ಗ್ಯಾರೇಜು ಅಂತ ಓಡಾಡಿ ಸಂಜೆ ಸ್ಟೇರಿಂಗ್ ಹಿಡಿದರೆ ರಾತ್ರಿ 2 ಗಂಟೆಗೆ 17 ಗಂಟೆಯ ಗಡಿ ದಾಟಿರುತ್ತದೆ. ದೂರದ ಓಟಕ್ಕೆ ಇಬ್ಬರು ಡ್ರೈವರ್ ಬೇಕೇ ಬೇಕು, ಪ್ರತಿಯೊಬ್ಬನಿಗೂ ಬೇರೆ ಪುಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಕೆಲಸ ಕಡಿಮೆ ಇರುತ್ತದೆ, ಈ ಪುಸ್ತಕದ ರೂಢಿ ಮಾಡಿಕೊಳ್ಳಲು ಅದೇ ಒಳ್ಳೆಯ ಕಾಲ. ಆಗಸ್ಟ್‌ನಲ್ಲಿ ಒಮ್ಮೆ ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ನಿದ್ದೆ ಎಳೆದರೆ ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಗುಟ್ಕಾ ಹಾಕುವುದು ಇವೆಲ್ಲ ಐದು ನಿಮಿಷದ ಮಾತು. ಸರಿಯಾದ ಜಾಗ ನೋಡಿ ನಿಲ್ಲಿಸಿ, ಒಂದು ಕಪ್ ಸ್ಟ್ರಾಂಗ್ ಕಾಫಿ ಕುಡಿದು, 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಕಾಫಿ ಕೆಲಸ ಶುರು ಮಾಡಲು ಸುಮಾರು ಅಷ್ಟೇ ಹೊತ್ತು ಹಿಡಿಯುತ್ತದೆ, ಎದ್ದಾಗ ಎರಡೂ ಸೇರಿ ಕೈಹಿಡಿಯುತ್ತವೆ. ಇದು ರಾತ್ರಿಯ ನಿದ್ದೆಯ ಬದಲಿಗೆ ಅಲ್ಲ, ಮುಂದಿನ ಸುರಕ್ಷಿತ ಜಾಗ ಮುಟ್ಟಲು ಮಾತ್ರ.

ಎಲ್ಲಿ ನಿಲ್ಲಿಸುವುದು

ನಿಲ್ಲಿಸು ಅಂತ ಹೇಳುವುದು ಸುಲಭ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಲಾರಿ ನಿಲ್ಲಿಸಲು ಜಾಗ ಎಲ್ಲಿದೆ? ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ಟೋಲ್ ಇರುವ ಶಿರೂರು ಬೇರೆ) ಗುಡ್ಡ ಕುಸಿದಾಗ ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಗಾಡಿಗಳು ಎಲ್ಲ ಮಣ್ಣಿನಡಿ, ಗಂಗಾವಳಿ ಹೊಳೆಯಲ್ಲಿ ಹೋದವು. ಕೇರಳದ ಒಬ್ಬ ಡ್ರೈವರ್‌ನ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅವರು ಯಾರೂ ತಪ್ಪು ಮಾಡಿರಲಿಲ್ಲ, ದಣಿದು ನಿಂತಿದ್ದರು ಅಷ್ಟೇ. ನಿಯಮ ಪಾಲಿಸಿ ವಿಶ್ರಾಂತಿ ತೆಗೆದುಕೊಳ್ಳುವವನಿಗೆ ಸುರಕ್ಷಿತವಾಗಿ ನಿಲ್ಲಲು ಜಾಗ ಕೊಡಬೇಕಾದ್ದು ಹೆದ್ದಾರಿ ಮಾಡಿದವರ ಕೆಲಸ ಅಂತ ನಾನು ಬಲವಾಗಿ ನಂಬುತ್ತೇನೆ.

ಅಲ್ಲಿಯವರೆಗೆ ನಾವೇ ಪಟ್ಟಿ ಮಾಡಿಕೊಳ್ಳಬೇಕು. ನೋಟ್‌ಬುಕ್‌ನ ಕೊನೆ ಪುಟದಲ್ಲಿ ನಿಮ್ಮ ರೂಟ್‌ನಲ್ಲಿ ನಿಲ್ಲಬಹುದಾದ ಜಾಗಗಳನ್ನು ಬರೆದಿಡಿ: ಒಳಗೆ ಜಾಗ ಇರುವ ಪೆಟ್ರೋಲ್ ಬಂಕ್, ಊರ ಹೊರಗಿನ ಡಾಬಾ, ಲಾರಿ ಸ್ಟ್ಯಾಂಡ್. ಎರಡು ಜಾಗದ ನಡುವೆ ಎಷ್ಟು ಹೊತ್ತಿನ ಓಟ ಅಂತಲೂ ಬರೆಯಿರಿ. ಮಳೆಗಾಲದಲ್ಲಿ ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ, ಮಣ್ಣು ಕೆಂಪಗೆ ಬರಿದಾಗಿ ಕಾಣುವ ಕಡೆ, ನೀರು ಒಸರುವ ಕಡೆ ಐದು ನಿಮಿಷವೂ ನಿಲ್ಲಬೇಡಿ. ಪ್ಲಾನ್ ಮಾಡಿದ ಜಾಗ ತುಂಬಿದ್ದರೆ ಅದಕ್ಕಿಂತ ಮೊದಲಿನದರಲ್ಲೇ ನಿಲ್ಲುವ ಹಾಗೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡೇ ಲೆಕ್ಕ ಹಾಕಿ.

ಗುಡ್ಡ ಕುಸಿದು ರಸ್ತೆ ಬಂದಾದರೆ, ಗಾಡಿ ಕೆಟ್ಟರೆ ಗಂಟೆ ಮೀರುತ್ತದೆ. ಹಳೆಯ ಕಾಯ್ದೆ ಇಂಥ ಸಂದರ್ಭಕ್ಕೆ ವಿನಾಯಿತಿ ಇಟ್ಟಿತ್ತು. ಅಮೆರಿಕದಲ್ಲೂ ಮೊದಲೇ ಗೊತ್ತಿರದ ಕೆಟ್ಟ ಹವೆ, ರಸ್ತೆ ಅಡಚಣೆಗೆ 2 ಗಂಟೆ ಹೆಚ್ಚಿಗೆ ಕೊಡುತ್ತಾರೆ. ಟಿಪ್ಪಣಿ ಕಾಲಮ್ ಇರುವುದು ಇದಕ್ಕೇ. "ಅರಬೈಲ್‌ನಲ್ಲಿ ಟ್ರಾಫಿಕ್ ಜಾಮ್, 3.10ರಿಂದ 5.25" ಅಂತ ಬರೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆದರೆ ಜೂನ್, ಜುಲೈಯಲ್ಲಿ ಘಟ್ಟದಲ್ಲಿ ಮಳೆ ಬಂತು ಅನ್ನುವುದು ಮೊದಲೇ ಗೊತ್ತಿರದ ವಿಷಯ ಅಲ್ಲ. ಅದನ್ನು ಪ್ಲಾನ್‌ನಲ್ಲೇ ಸೇರಿಸಿರಬೇಕು.

ತಪ್ಪಾದರೆ, ಮತ್ತು ಓನರ್ ಮಾಡಬೇಕಾದ್ದು

ತಪ್ಪು ಬರೆದರೆ ಒಂದು ಗೆರೆ ಎಳೆಯಿರಿ, ಹಳೆಯದು ಓದಲು ಬರುವ ಹಾಗಿರಲಿ. ಪಕ್ಕದಲ್ಲಿ ಸರಿಯಾದ ಹೊತ್ತು, ಕಾರಣ, ಸಹಿ. ವೈಟ್‌ನರ್ ಹಚ್ಚಿದ ಪುಟವನ್ನು ಯಾರೂ ನಂಬುವುದಿಲ್ಲ. ಪುಟ ಹರಿಯಬೇಡಿ.

ಓನರ್ ವಾರಕ್ಕೊಮ್ಮೆ ಪುಸ್ತಕ ನೋಡಬೇಕು. ನೋಡುವಾಗ ಕೇಳಬೇಕಾದ ಪ್ರಶ್ನೆ "ಯಾಕೆ ಇಷ್ಟು ಹೊತ್ತು ನಿಂತಿದ್ದೆ?" ಅಂತ ಅಲ್ಲ. ಯಾವ ಗೋದಾಮಿನಲ್ಲಿ ಜಾಸ್ತಿ ಕಾಯಿಸುತ್ತಾರೆ, ಯಾವ ಓಟಕ್ಕೆ ನಾವು ಕೊಟ್ಟ ದಿನ ಸಾಲುತ್ತಿಲ್ಲ, ಯಾವ ರಾತ್ರಿ 9 ಗಂಟೆಯ ವಿಶ್ರಾಂತಿ ಸಿಗಲಿಲ್ಲ, ಇವನ್ನು ನೋಡಬೇಕು. ಬೇಗ ಮುಟ್ಟಿಸಿದರೆ ಜಾಸ್ತಿ ಬಾಟಾ (ಭತ್ಯೆ) ಅನ್ನುವ ಪದ್ಧತಿ ಇಟ್ಟುಕೊಂಡು ಲಾಗ್ ಬರೆಯಲು ಹೇಳಿದರೆ ಸುಳ್ಳು ಲಾಗೇ ಬರುತ್ತದೆ, ಅದಕ್ಕೆ ಡ್ರೈವರ್‌ನನ್ನು ಬೈದು ಏನೂ ಉಪಯೋಗವಿಲ್ಲ. ಬಾಟಾವನ್ನು ದಿನಕ್ಕೆ ಇಷ್ಟು ಅಂತ ಮಾಡಿ, ಕಾಯುವ ದಿನಕ್ಕೂ ಕೊಡಿ. ಪಾರ್ಟಿಯಿಂದ ಬಂದ ಹಾಲ್ಟಿಂಗ್‌ನಲ್ಲಿ ಡ್ರೈವರ್‌ಗೂ ಪಾಲಿರಲಿ, ಹೊತ್ತು ಬರೆದು ಸಹಿ ಹಾಕಿಸಿಕೊಂಡು ಬಂದವನು ಅವನೇ ತಾನೆ. ರಾತ್ರಿ ವಿಶ್ರಾಂತಿ ಅಂತ ಬರೆದ ಹೊತ್ತಿನಲ್ಲಿ "ಎಲ್ಲಿದ್ದೀಯಾ?" ಅಂತ ಫೋನ್ ಮಾಡಲೇಬೇಡಿ. ಗಾಡಿ ಎಲ್ಲಿದೆ ಅಂತ ಜಿಪಿಎಸ್‌ನಲ್ಲೇ ಕಾಣುತ್ತದೆ.

ಡ್ರೈವರ್ ಅಣ್ಣಂದಿರೇ, ನಿಮಗೆ ಒಂದೇ ಮಾತು. ಪುಸ್ತಕ ಗಾಡಿಯಲ್ಲಿ ಇರಲಿ, ಆದರೆ ಪ್ರತಿ ರಾತ್ರಿ ಆ ದಿನದ ಪುಟದ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಇಡಿ. ಅಪಘಾತ ಆದಾಗ, ಸಂಬಳದ ತಕರಾರು ಬಂದಾಗ, ಕೆಲಸ ಬಿಡುವಾಗ ಪುಸ್ತಕ ನಿಮ್ಮ ಕೈಗೆ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅಮೆರಿಕದಲ್ಲಿ ಕಂಪನಿಗಳು 6 ತಿಂಗಳ ಲಾಗ್ ಇಟ್ಟುಕೊಳ್ಳಬೇಕು. ನೀವು ಕಡಿಮೆ ಅಂದರೂ ಒಂದು ವರ್ಷದ್ದು ಇಟ್ಟುಕೊಳ್ಳಿ, ತಿಂಗಳಿಗೊಂದು ಫೋಲ್ಡರ್ ಮಾಡಿ, ಟೋಲ್ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್, ತೂಕದ ಚೀಟಿಯ ಫೋಟೋ ಅದರೊಳಗೇ ಹಾಕಿ. ನಾಳೆ ಬೆಳಿಗ್ಗೆ ಗಾಡಿ ಹತ್ತುವಾಗ ಮೊದಲ ಸಾಲು ಬರೆಯಿರಿ: ಹೊತ್ತು, ಜಾಗ, ಮೀಟರ್, ಮತ್ತು ರಾತ್ರಿ ಎಷ್ಟು ಗಂಟೆ ಮಲಗಿದ್ದಿರಿ ಅಂತ.